ಕೆಳಗಿಡಲಾಗದ ಬಟ್ಟಲು

ಕೋಚಿ, ಜಪಾನ್
ನವೆಂಬರ್ 12, ಮಂಗಳವಾರ

ಪ್ರಿಯ ಹಿಸಾಶಿ,

ನಿನ್ನೆ ಮಧ್ಯಾಹ್ನ ನೀನು ಅರ್ಧ ಬಟ್ಟಲು ಗಂಜಿ ಕುಡಿದೆಯಂತೆ, ಕೈನಡುಕವೂ ಕಡಿಮೆಯಾಗಿದೆಯಂತೆ. ಫೋನಿನಲ್ಲಿ ಹೇಳಿದ್ದು ಮಿಚಿಯೊ. "ಭಾವ, ನೀವು ಸದ್ಯ ಆಸ್ಪತ್ರೆ ಕಡೆ ಬರಬೇಡಿ. ಕಾಗದ ಬೇಕಾದ್ರೆ ಬರೀರಿ, ಓದಿ ಹೇಳ್ತೀನಿ" ಎಂದಳು. ನಿನ್ನ ಹೆಂಡತಿ ನನ್ನೊಡನೆ ಇಷ್ಟು ಮಾತಾಡಿದ್ದೇ ಹೆಚ್ಚು. ನೀನು ಆಸ್ಪತ್ರೆ ಸೇರಿ ಒಂಬತ್ತು ದಿನ, ಬರೆಯಲು ತಡಮಾಡಿದೆ, ಕ್ಷಮಿಸು. ದಿನವೂ ಬರೆಯಲು ಕೂತು, ನಿನ್ನ ಹೆಸರು ಬರೆದು ನಿಲ್ಲಿಸುತ್ತಿದ್ದೆ.

ಅಮ್ಮನ ಎಂಬತ್ತೆಂಟನೇ ಹುಟ್ಟುಹಬ್ಬದ ಊಟಕ್ಕೆ ಸಾಕೆ ಮದ್ಯ ಕುಡಿಯುವ ಆ ಮೂರು ಬಟ್ಟಲುಗಳನ್ನು ಮಾಡಿ ತಂದವನು ನಾನು. ನಗುವ ಹೆಂಗಸಿನದು, ಊದಿದ ಬಾಯಿಯವನದು, ಬೆಟ್ಟದ ಭೂತದ್ದು. ಭೂತದ ಮುಖಕ್ಕೆ ಕೆಂಪು ಬಳಿದು ಎರಡನೇ ಸಲ ಆವಿಗೆಯಲ್ಲಿ ಸುಟ್ಟಿದ್ದೆ. ಮೂಗನ್ನು ಎಂದಿಗಿಂತ ಉದ್ದ ಮಾಡಿದ್ದೆ. ಕೆಳಗಿಟ್ಟರೆ ಉರುಳಬೇಕು, ಖಾಲಿಯಾಗುವವರೆಗೆ ಕೈಯಲ್ಲೇ ಇರಬೇಕು ಎಂದು ಹೆಮ್ಮೆಪಟ್ಟಿದ್ದೆ.

ನಮ್ಮ ಹಳೇ ಆಟವೇ: ತಟ್ಟೆಯಲ್ಲಿ ಮುಖಗಳಿರುವ ಬುಗುರಿ ತಿರುಗಿಸುವುದು, ಮೇಲೆ ಬಂದ ಮುಖದ ಬಟ್ಟಲನ್ನು ತುದಿ ತೋರಿಸಿದವನು ಕುಡಿಯುವುದು. ಬುಗುರಿ ಬಿದ್ದಾಗ ಮೇಲೆ ಬಂದದ್ದು ಭೂತದ ಮುಖ, ತುದಿ ನಿನ್ನ ಕಡೆ. ಮೀನಂಗಡಿಯ ತೊಕುಜಿ ಕೂಗಿದ: "ಏ ಹಿಸಾಶಿ, ಮೂಗಪ್ಪ ನಿನ್ನನ್ನೇ ಹುಡುಕ್ಕೊಂಡು ಬಂದ್ನಲ್ಲೋ!" ನಿನ್ನ ಮುಖ ನೋಡಿ ಅವನೇ ಚಹಾದ ಹೂಜಿ ಎಳೆದುಕೊಂಡ. "ಹೋಗ್ಲಿ, ಚಹಾನೇ ಹುಯ್ಯಿರಿ. ಪಾಪ, ಎರಡೂವರೆ ವರ್ಷ ಆಯ್ತು ಕುಡಿಯೋದು ಬಿಟ್ಟು" ಎಂದ. ಎಲ್ಲರೂ ಒಪ್ಪಿದ್ದರು. ಒಪ್ಪದವನು ನಾನು.

"ನಾನು ಬರೆದ ಬಟ್ಟಲಿಗೆ ಚಹಾನಾ? ಅದಕ್ಕಿಂತ ನನ್ನ ಮುಖಕ್ಕೇ ಹುಯ್ದುಬಿಡು. ಅಮ್ಮನ ದಿನ ಕಣೋ, ಒಂದೇ ಒಂದು."

ನೀನು ಅಮ್ಮನನ್ನು ನೋಡಿದೆ. ಎರಡೂ ಕೈಯಲ್ಲಿ ಬಟ್ಟಲು ಹಿಡಿದು, "ಒಂದೇ, ಅಣ್ಣ" ಎಂದೆ. ನಾನು ಅಂಚಿನವರೆಗೆ ಹುಯ್ದೆ. ಆ ಒಂದು ಅಲ್ಲಿಗೆ ನಿಲ್ಲಲಿಲ್ಲ. ನಾಲ್ಕನೇ ದಿನ ಮಿಚಿಯೊ ನಿನ್ನನ್ನು ಸ್ನಾನದ ಮನೆಯ ನೆಲದ ಮೇಲೆ ಕಂಡಳು.

ಅಮ್ಮ ಚೆನ್ನಾಗಿದ್ದಾಳೆ. ಪರ್ಸಿಮನ್ ಹಣ್ಣು ಸುಲಿದು ಒಣಗಲು ಸೂರಿಗೆ ಕಟ್ಟುತ್ತಿದ್ದಾಳೆ. ಮೊನ್ನೆ ತಲೆ ಎತ್ತದೆ ಕೇಳಿದಳು:

"ಅವನಿಗೆ ಯಾಕೆ ಹುಯ್ದೆ?"

"ಆಟ ಅಲ್ವಾ ಅಮ್ಮ. ಬುಗುರಿ ಅವನ ಕಡೆ ನಿಂತಿತು."

"ಬುಗುರಿ ಹುಯ್ತೇನೋ?" ಎಂದಳು. ಆಮೇಲೆ ನನ್ನೊಡನೆ ಮಾತಾಡಿಲ್ಲ. ಊಟ ಮಾತ್ರ ಬಡಿಸುತ್ತಾಳೆ.

ನಿನ್ನ ಮೈ ಬೇಗ ಗಟ್ಟಿಯಾಗಲಿ. ಮಿಚಿಯೊಗೆ ಈ ದಿನಗಳ ನಿದ್ದೆಯೆಲ್ಲ ತಿರುಗಿ ಸಿಗಲಿ. ನನ್ನ ಆಯಸ್ಸಿನಲ್ಲಿ ಒಳ್ಳೆಯದೇನಾದರೂ ಉಳಿದಿದ್ದರೆ ಅದು ನಿಮ್ಮಿಬ್ಬರಿಗೆ ಸೇರಲಿ.

ನಿನ್ನ ಅಣ್ಣ,
ಯಸುನೊರಿ

ತಾ.ಕ.: ಅಮ್ಮನಿಗೆ ಹೇಳಿದ್ದು, ಮೇಲೆ ಬರೆದದ್ದೂ ಸುಳ್ಳು. ಬುಗುರಿ ನಿಂತದ್ದು ನನ್ನ ಕಡೆಗೆ. ತೊಕುಜಿ ಎದ್ದು ಕುಣಿಯುತ್ತಿದ್ದ, ಎಲ್ಲರ ಕಣ್ಣೂ ಅವನ ಮೇಲಿತ್ತು. ಅವನು ಬುಗುರಿ ನೋಡುವ ಮೊದಲೇ ನಾನು ತಟ್ಟೆಯನ್ನು ಮೆಲ್ಲಗೆ ನಿನ್ನ ಕಡೆ ತಿರುಗಿಸಿದೆ. ನನಗೇನೂ ಕುಡಿಯಲು ಬೇಸರವಿರಲಿಲ್ಲ. ನಾವಿಬ್ಬರೂ ಕುಡಿಯುತ್ತಿದ್ದಾಗ ಜನ ನಿನ್ನನ್ನಷ್ಟೇ ನೋಡುತ್ತಿದ್ದರು. ನೀನು ಬಿಟ್ಟ ಮೇಲೆ ನನ್ನ ಕುಡಿತ ಕಾಣಿಸತೊಡಗಿತು. ನೀನು ಮತ್ತೆ ಕುಡಿದರೆ ನಾನು ನಿನ್ನ ಹಿಂದೆ ಮರೆಯಾಗುತ್ತೇನೆ ಅನ್ನಿಸಿತು. ಬೆಳಿಗ್ಗೆ ಒಂದು ಲೋಟ ಒಳಗೆ ಹೋಗದೆ ನನ್ನ ಕುಂಚ ನೇರ ಗೆರೆ ಎಳೆದು ಎರಡು ವರ್ಷವಾಯಿತು. ಇದನ್ನು ಇವತ್ತು ಅಮ್ಮನಿಗೂ ಹೇಳಿದೆ, ತಟ್ಟೆಯ ವಿಷಯವನ್ನೂ ಹೇಳಿದೆ. ಗುರುವಾರ ಬೆಳಿಗ್ಗೆ ಒಂಬತ್ತೂವರೆಗೆ ನಿನ್ನ ಆಸ್ಪತ್ರೆಯಲ್ಲೇ, ಕುಡಿತ ಬಿಡಿಸುವ ವೈದ್ಯರ ಬಳಿ ನನ್ನ ಹೆಸರು ಬರೆಸಿದ್ದೇನೆ. ನಿನ್ನ ಕೋಣೆ ಮೂರನೇ ಮಹಡಿ. ಅವರದು ಕೆಳಗೆ. ನಾನು ಮೇಲೆ ಬರುವುದಿಲ್ಲ.