ಹಸಿದ ಕೌದಿ

ಹಿರೋಳ್ಳಿ,
ತಾ. ೬-೧-೨೦೨೫

ಪ್ರೀತಿಯ ಆಯಿಗೆ, ನಿನ್ನ ಮೊಮ್ಮಗಳು ಸುವರ್ಣಾಳ ನಮಸ್ಕಾರ.

ಮೊಣಕಾಲು ನೋವು ಹೇಗಿದೆ? ಈ ಚಳಿಗೆ ಎಣ್ಣೆ ಕಾಯಿಸಿ ಹಚ್ಚು ಎಂದು ಚಂದಮ್ಮ ಅತ್ತಿಯ ಹತ್ತಿರ ಬಾಯಿಬಿಟ್ಟು ಹೇಳು. ಮಗಳ ಮನೆಯಲ್ಲೂ ಏನನ್ನೂ ಕೇಳದ ಬಿಗುಮಾನದವಳು ನೀನು. ಅತ್ತಿ ಫೋನನ್ನು ನಿನ್ನ ಕಿವಿಗೆ ಹಿಡಿದರೂ ಮುಖ ತಿರುಗಿಸುತ್ತೀಯಂತೆ. ಆ ಫೋನಿನ ಮೇಲೆ ನಿನಗೆ ಸಿಟ್ಟಿರುವುದು ಸರಿಯೇ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಮದುವೆಯಾದ ಮೇಲೆ ಮುತ್ಯಾನ ಜೊತೆ ಹಟ ಮಾಡಿ ಅಕ್ಷರ ಕಲಿತವಳು, ಇದನ್ನು ನೀನೇ ಓದಿಕೋ.

ಎಳ್ಳಮಾವಾಸ್ಯೆಗಾದರೂ ಬರುತ್ತೀಯೆಂದು ಹೊಲದಲ್ಲಿ ನಿನ್ನ ಪಾಲಿನ ಭಜ್ಜಿ, ಕಡಬು ಎತ್ತಿಟ್ಟಿದ್ದೆವು. ಬಸ್ಸಿನ ಸದ್ದಾದಾಗಲೆಲ್ಲ ಅಪ್ಪ ರಸ್ತೆ ಕಡೆ ನೋಡುತ್ತಿದ್ದ. ಕೊನೆಗೆ ಅದನ್ನು ನಮ್ಮ ಜೊತೆ ಕೌದಿ ಹೊಲಿಯುವ ಸುಂದರಬಾಯಿ ಕಾಕು ತಿಂದಳು, ತಿನ್ನುತ್ತಲೇ ಕಣ್ಣೊರೆಸಿಕೊಂಡಳು.

ಡಿಗ್ರಿ ಮುಗಿಸಿ ಕೆಲಸವಿಲ್ಲದೆ ಕುಳಿತಿದ್ದಾಗ "ಯಾಕ ಅಳ್ತಿ ಬೇ, ಸೂಜಿ ಹಿಡಿ" ಎಂದವಳು ನೀನು. ಫೋಟೋ ಹಾಕಿ ಫೋನಿನಲ್ಲಿ ಮಾರುವುದನ್ನಷ್ಟೇ ನಾನು ಆಳಂದದ ತರಬೇತಿಯಲ್ಲಿ ಕಲಿತದ್ದು, ಉಳಿದದ್ದೆಲ್ಲ ನಿನ್ನ ಕೈಯದು. ಆದರೂ ಪುಣೆಯ ಆ ಗಿರಾಕಿ ಕೌದಿಯ ಮೂಲೆ ಬಿಚ್ಚಿ, ನೀನು ಒಳಗಿಟ್ಟ ಹೋಳಿಗೆ ಚೂರಿಗೆ ಇರುವೆ ಮುತ್ತಿದ ಫೋಟೋ ಕಳಿಸಿ, ಒಂದೇ ಸ್ಟಾರ್ ಕೊಟ್ಟಾಗ ನನ್ನ ತಲೆ ಕೆಟ್ಟಿತು. ಹೊಲಿಯಲು ಬಂದ ಹೆಂಗಸರೆಲ್ಲರ ಎದುರಿಗೆ ಅವಳ ಬೈಗುಳದ ವಾಯ್ಸ್ ಮೆಸೇಜ್ ಹಚ್ಚಿ ನಿನಗೆ ಕೇಳಿಸಿದೆ. "ಆಯಿ, ಇದು ಧಂದಾ ಅದ, ಹೊಲಸು ಮಾಡಬ್ಯಾಡ" ಎಂದೆ. ನೀನು ಜಗಳವನ್ನೂ ಆಡಲಿಲ್ಲ. "ಹಸಿದ ಕೌದಿ ಹೊದ್ದವರ ನಿದ್ದಿ ತಿಂತದ" ಎಂದಷ್ಟೇ ಹೇಳಿ, ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು ಎದ್ದೆ. ಮರುದಿನ ನೀನು ಅತ್ತಿಯ ಊರು ಜೇವರ್ಗಿಗೆ ಹೊರಟುಬಿಟ್ಟೆ.

ಈಗ ಮೂಲೆಯಲ್ಲಿ ಏನೂ ಇಡುವುದಿಲ್ಲ, ದೂರೂ ಬರುವುದಿಲ್ಲ. ಆದರೆ ಕೇಳು. ತರಬೇತಿಯ ಸರ್ "ಬರೇ ಮಾಲು ಅಲ್ರಿ, ಅದರ ಕಥಿ ಹೇಳ್ರಿ, ತಾನೇ ಮಾರಾಟ ಆಗ್ತದ" ಎಂದರು. ನಾನು ಕೌದಿ ಹಿಡಿದು ವಿಡಿಯೊ ಮಾಡಿದೆ. ಹೊದ್ದವರು ಎಂದೂ ಹಸಿಯಬಾರದೆಂದು ನಮ್ಮ ಆಯಿ ಮೂಲೆಯಲ್ಲಿ ಹೋಳಿಗೆ ಚೂರು ಇಟ್ಟು ಹೊಲಿಯುತ್ತಾಳೆ ಎಂದು ನಗುನಗುತ್ತ ಹೇಳಿದೆ. ಅದು ಊರೂರು ಸುತ್ತಿತು. ಎಷ್ಟು ಹೊಲಿದರೂ ಸಾಲದಷ್ಟು ಆರ್ಡರ್ ಬರುತ್ತಿವೆ. ಓಣಿಯ ಹುಡುಗಿಯರಿಗೆಲ್ಲ ಕೆಲಸ ಸಿಕ್ಕಿದೆ, ಊರಲ್ಲಿ ನನ್ನನ್ನು ಹೊಗಳುವವರೇ ಎಲ್ಲರೂ. ಮೊನ್ನೆ ಒಬ್ಬಾಕೆ, ತಾಯಿಯಿಲ್ಲದವಳಂತೆ, "ದಿನಾ ಆ ಮೂಲೆ ಹಿಡಿದುಕೊಂಡೇ ಮಲಗುತ್ತೇನೆ" ಎಂದು ಬರೆದಿದ್ದಳು. ಅದರೊಳಗೆ ಬರೀ ಚಿಂದಿ ಇದೆ ಆಯಿ. ನಿನ್ನನ್ನು ಮನೆ ಬಿಡಿಸಿ ನಿನ್ನ ಮಾತನ್ನು ಮಾರುತ್ತಿದ್ದೇನೆ. ಅವಳಿಗೆ ಏನು ಉತ್ತರ ಬರೆಯಲಿ? ಸುಂದರಬಾಯಿ ಕಾಕು ಮೂಲೆ ಹೊಲಿಯುವಾಗಲೆಲ್ಲ ಒಮ್ಮೆ ನನ್ನ ಮುಖ ನೋಡುತ್ತಾಳೆ.

ಅಪ್ಪ, ಅವ್ವ, ಮಾಳಿಂಗಣ್ಣ ನಿನ್ನನ್ನು ಕೇಳಿದ್ದಾರೆ. ಅತ್ತಿ, ಮಾಮಾನಿಗೆ ನನ್ನ ಶರಣು ತಿಳಿಸು. ನೋಯುವ ನಿನ್ನ ಕಾಲಿಗೆ ಇಲ್ಲಿಂದಲೇ ಹಣೆ ಹಚ್ಚುತ್ತೇನೆ.

ನಿನ್ನ
ಸುವರ್ಣಾ

ತಾ.ಕ.: ಮಾಳಿಂಗಣ್ಣ ಅಂಚೆಗೆ ಹಾಕಲು ಬಾಗಿಲಲ್ಲೇ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಅವನ ಹೆಂಡತಿ ಅಮೃತಾ ವೈನಿ ಬಸುರಿನ ಕುಬಸದ ಶಾಸ್ತ್ರ ಮುಗಿಸಿ ಮಾದನಹಿಪ್ಪರಗಾದ ತವರಿಗೆ ಹೋಗಿದ್ದಾಳೆ, ಇನ್ನೇನು ಹೆರಿಗೆ ಹತ್ತಿರ ಬಂತು. ಕೂಸಿಗೆಂದು ನಿನ್ನ ಹಳೆಯ ಇಳಕಲ್ ಸೀರೆಯ ಕೌದಿ ಹೊಲಿದಿದ್ದೇನೆ, ಇದು ಮಾರಾಟಕ್ಕಲ್ಲ. ಮೂರು ಮೂಲೆ ಮುಗಿದವು. ನಾಲ್ಕನೆಯದಕ್ಕೆ ಹೋಳಿಗೆಯನ್ನೂ ಮಾಡಿದೆ. ಆದರೆ ಅಲ್ಲಿ ಹೊಲಿಗೆ ಹಾಕುವಾಗ ನೀನು ಬಾಯೊಳಗೇ ಏನೋ ಅನ್ನುತ್ತಿದ್ದೆಯಲ್ಲ, ಅದು ಇಲ್ಲಿ ಯಾರಿಗೂ ಗೊತ್ತಿಲ್ಲ. ಅಷ್ಟು ದಿನ ಪಕ್ಕದಲ್ಲೇ ಕೂತು ಫೋಟೋ ತೆಗೆದ ನಾನೂ ಒಮ್ಮೆಯೂ ಕೇಳಲಿಲ್ಲ. ಆ ಮೂಲೆ ಹೊಲಿಯದೆ ತೆರೆದೇ ಇಟ್ಟಿದ್ದೇನೆ. ಬಾ ಆಯಿ, ನಮ್ಮ ಕೂಸು ಹಸಿದ ಕೌದಿ ಹೊದೆಯುವುದು ಬೇಡ.