ದೋಣಿಗೆ ಕೈಮುಗಿಯುವವನು

ಕಾಸರಕೋಡ, ಹೊನ್ನಾವರ
೧೩ ಜುಲೈ ೨೦೨೫

ಪ್ರೀತಿಯ ಸುದರ್ಶನಣ್ಣನಿಗೆ ನೇತ್ರಾಳ ನಮಸ್ಕಾರಗಳು.

ಹತ್ತು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ತಡವಾದದ್ದಕ್ಕೆ ನೆಪ ಹುಡುಕುವುದಿಲ್ಲ, ಕ್ಷಮಿಸು. ನಿನ್ನ ಹಳೆಯ ನಂಬರಿಗೆ ಫೋನ್ ಹೋಗುವುದಿಲ್ಲ. ರತ್ನಾಗಿರಿಯ ಐಸ್ ಫ್ಯಾಕ್ಟರಿಯ ವಿಳಾಸವನ್ನು ನಿನ್ನ ತಂಗಿ ಪ್ರಿಯಾ ಕೊಟ್ಟಳು. ನೀನು ಸಮುದ್ರಕ್ಕೆ ಇಳಿಯುವುದನ್ನೇ ಬಿಟ್ಟಿದ್ದೀಯಂತೆ, ಅದನ್ನೂ ಅವಳೇ ಹೇಳಿದಳು.

ನಾವು ಇದ್ದೇವೆ. ಆಯಿಯ ಮಂಡಿನೋವು ಇದ್ದಂತೆಯೇ ಇದೆ. ನಾನು ಕುಮಟಾದ ಅದೇ ಕನ್ನಡಕದ ಅಂಗಡಿಗೆ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಬಂದವರನ್ನು ಕೂರಿಸಿ ಅಕ್ಷರ ಓದಿಸುತ್ತೇನೆ, ಮನೆಗೆ ಬಂದ ಮೇಲೆ ಊಟ ಮಾಡಿ ಮಲಗುತ್ತೇನೆ. ದಿನಕರಣ್ಣ ಹೋದ ಮೇಲೆ ನಾನು ಒಮ್ಮೆಯೂ ಸರಿಯಾಗಿ ಅತ್ತಿಲ್ಲ. ಏಕೆ ಎಂದು ಕೇಳಬೇಡ, ನನಗೇ ಗೊತ್ತಿಲ್ಲ.

ಬರೆಯಲು ಕಾರಣ ನಾನು, ನೀನು, ಅಣ್ಣ ಸೇರಿ ಆಡುತ್ತಿದ್ದ ಮೊರಾವೆಲ್ ವಿಡಿಯೋ ಆಟ. ಮೇ ತಿಂಗಳಲ್ಲಿ ಅದರ ಆರನೇ ಭಾಗ ಬಂತು. ಮೀನುಗಾರಿಕೆ ಬಂದಾದ ಈ ಎರಡು ತಿಂಗಳೇ ಅಲ್ಲವೇ ನಮ್ಮವರಿಗೆ ಆಡುವ ಕಾಲ? ಈ ಸಲ ಆಡಿದ್ದಕ್ಕಿಂತ ಜಗಳವಾಡಿದ್ದೇ ಹೆಚ್ಚು. ಹೊನ್ನಾವರ, ಕುಮಟಾ, ಭಟ್ಕಳದವರ ವಾಟ್ಸಾಪ್ ಗುಂಪು ನಿನಗೆ ನೆನಪಿರಬೇಕು. ಡ್ರ್ಯಾಗನ್ನುಗಳನ್ನು ಚಿಕ್ಕದು ಮಾಡಿದ್ದಾರೆ ಎಂದು ಒಬ್ಬರಿಗೆ ಸಿಟ್ಟು, ಹಳೆಯ ಸಂಗೀತ ಕಿತ್ತುಹಾಕಿದ್ದಾರೆ ಎಂದು ಇನ್ನೊಬ್ಬರಿಗೆ. ಮೊದಲಿನಂತೆ ಕಾದು, ಯೋಚಿಸಿ ಹೊಡೆಯುವ ಯುದ್ಧ ಹೋಗಿ ಈಗ ಬಡಬಡ ಬಟನ್ ಒತ್ತುವ ಯುದ್ಧ ಬಂದಿದೆ. ಭಟ್ಕಳದ ಸಂಜಯ ಮೂರು ದಿನ ಸೋತು, ಇದು ಮೊರಾವೆಲ್ಲೇ ಅಲ್ಲ ಎಂದು ಉದ್ದುದ್ದ ಬರೆದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಕಾಯ್ಕಿಣಿಯ ರೂಪಾ ಉತ್ತರ ಕೊಟ್ಟಳು. ಅದಾದ ಮೇಲೆ ಅವರಿಬ್ಬರಿಗೂ ಮಾತಿಲ್ಲ. ಕಂಪನಿಗೆ ಕಳಿಸುವ ಮನವಿಗೆ ಎಲ್ಲರೂ ಹೆಸರು ಹಾಕಿದರು. ನಾನೂ ಹಾಕಿದೆ. ಪಕ್ಕದ ಮನೆಯವರು ಚೀಟಿ ತಂದರೆ ಸಹಿ ಹಾಕುತ್ತೇವಲ್ಲ, ಹಾಗೆ.

ಎಲ್ಲಕ್ಕಿಂತ ದೊಡ್ಡ ಬದಲಾವಣೆ ಬೇರೆ. ಮೊದಲು ಯಾರಾದರೂ ಆಡಲು ಬಾರದಿದ್ದರೆ ಆಟದೊಳಗಿನ ಅವರ ಆಳು ಅವರವರ ದ್ವೀಪದ ಬೆಂಕಿಯ ಪಕ್ಕದಲ್ಲಿ ಮಲಗಿರುತ್ತಿತ್ತು. ನೀನು ಭಾನುವಾರ ಬಾರದಿದ್ದಾಗ ನಿನ್ನ ಆಳಿನ ಮುಂದೆ ನಾನೂ ಅಣ್ಣನೂ ಸುಟ್ಟ ಮೀನು ಇಟ್ಟು ನಗುತ್ತಿದ್ದೆವು. ಈಗ ಹಾಗಿಲ್ಲ. ಬಾರದವರ ಆಳನ್ನು ಯಂತ್ರವೇ ಎಬ್ಬಿಸಿ ನಡೆಸುತ್ತದೆ. ಅವರು ಇಷ್ಟು ವರ್ಷ ಹೇಗೆ ಆಡಿದ್ದರೋ ಅದನ್ನು ನೋಡಿ ಕಲಿತು ಹಾಗೆಯೇ ಆಡುತ್ತದೆ. ಸಂಜಯನ ಗೆಳೆಯನ ಆಳು ಸಂಜಯನ ಕುದುರೆಯನ್ನೇ ಮಾರಿ ಬಂತಂತೆ. ಗೆಳೆಯನ ಚರ್ಮ ಹೊದ್ದ ಕಳ್ಳ ಎಂದು ಅವನು ಬೈದದ್ದು ಬೈದದ್ದೇ.

ನಾನು ಜೂನ್ ಮೊದಲ ವಾರ ಆಟವನ್ನು ಟಿವಿಗೆ ಹಚ್ಚಿ ನಮ್ಮ ಮೂವರ ದ್ವೀಪ ತೆರೆದೆ. ಬೆಂಕಿಯ ಪಕ್ಕ ಯಾರೂ ಇರಲಿಲ್ಲ. ತಲೆಯ ಮೇಲೆ ದಿನಕರ ಎಂಬ ಹೆಸರು ಹೊತ್ತ ಆಳು ದಡದ ಕಡೆ ನಡೆದು ಹೋಗುತ್ತಿತ್ತು. ದೋಣಿಯ ಹತ್ತಿರ ನಿಂತು, ಬಗ್ಗಿ, ಅದರ ಮೂತಿಯನ್ನು ಮುಟ್ಟಿ, ಆಮೇಲೆ ಹತ್ತಿತು.

ನಿನಗೆ ನೆನಪಿದೆ. ನಮ್ಮವರು ದೋಣಿ ಮುಟ್ಟಿ ಕೈಮುಗಿಯದೆ ಹತ್ತುವುದಿಲ್ಲ. ಅಣ್ಣ ಅದನ್ನು ಆಟದಲ್ಲೂ ಬಿಡಲಿಲ್ಲ. ಬೆನ್ನಿಗೆ ರಾಕ್ಷಸರು ಬಿದ್ದಿದ್ದರೂ ಬಗ್ಗುವ ಬಟನ್ ಒತ್ತಿಯೇ ಹತ್ತುತ್ತಿದ್ದ. ಅದರಿಂದ ನಾವು ಎಷ್ಟು ಸಲ ಸತ್ತಿದ್ದೇವೆ, ನೀನು ಎಷ್ಟು ಬೈದಿದ್ದೀಯ. ಯಂತ್ರ ಅದನ್ನೂ ಕಲಿತಿದೆ. ನಮ್ಮ ದ್ವೀಪಕ್ಕೆ ಬಂದಿದ್ದ ಯಾರೋ ಅದರ ವಿಡಿಯೋ ಮಾಡಿ, ಆರನೇ ಭಾಗದ ಹೊಸ ದೋಷ ನೋಡಿ, ಆಳು ಮರದ ತುಂಡಿಗೆ ನಮಸ್ಕಾರ ಮಾಡುತ್ತದೆ ಎಂದು ಹಾಕಿದ್ದರು. ಎಲ್ಲೆಲ್ಲಿಯವರೋ ನಕ್ಕಿದ್ದಾರೆ. ನಮ್ಮ ಗುಂಪಿಗೂ ಬಂತು. ನಾನು ನೋಡಿ, ಫೋನ್ ಕೆಳಗಿಟ್ಟು, ಅಕ್ಕಿ ತೊಳೆದೆ.

ಆದರೆ ಆಯಿ ಅದನ್ನು ಟಿವಿಯಲ್ಲಿ ನೋಡಿಬಿಟ್ಟಳು.

ನಮ್ಮ ಕೇರಿಯ ಹಿರಿಯ ದೇವಪ್ಪಜ್ಜ ಎರಡು ಸಲ ಮನೆಗೆ ಬಂದು ಹೇಳಿಹೋಗಿದ್ದ. ಶವ ಸಿಗದಿದ್ದರೆ ದರ್ಭೆಯ ಬೊಂಬೆ ಮಾಡಿ ಸುಡಬೇಕು, ವರ್ಷ ತುಂಬುವುದರೊಳಗೆ ಗೋಕರ್ಣದಲ್ಲಿ ಪಿಂಡ ಬಿಡಬೇಕು ಎಂದು. ಮಗನ ಬೊಂಬೆ ಸುಡಲು ಆಯಿ ಅಂತೂ ಇಂತೂ ಒಪ್ಪಿದ್ದಳು. ಆಳು ದೋಣಿಗೆ ಕೈಮುಗಿದದ್ದನ್ನು ನೋಡಿದವಳು ಮರುದಿನ ದೇವಪ್ಪಜ್ಜನಿಗೆ ಹೇಳಿಕಳಿಸಿದಳು:

"ಎಂತ ಬೊಂಬೆಯೂ ಬೇಡ. ಅಂವ ಜೀವಂತ ಇದ್ದ. ಇಲ್ದೇ ಹೋದವ ದೋಣಿಗೆ ನಮಸ್ಕಾರ ಮಾಡ್ತ್ನ?"

ಅದು ಯಂತ್ರ ಎಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಯಂತ್ರಕ್ಕೆ ದೋಣಿಯ ಮೇಲೆ ಎಂತ ಭಕ್ತಿ ಎಂದು ಕೇಳಿದಳು. ಈಗ ದಿನಾ ದೇವರ ದೀಪ ಹಚ್ಚಿದ ಮೇಲೆ ಟಿವಿಯ ಮುಂದೆ ಕೂರುತ್ತಾಳೆ. ಆಳು ದಡಕ್ಕೆ ಬರುವುದು ತಡವಾದರೆ ಊಟ ಮಾಡುವುದಿಲ್ಲ.

ಜನರ ಗಲಾಟೆಗೆ ಕಂಪನಿಯವರು ಸ್ವಲ್ಪ ಬಗ್ಗಿದ್ದಾರೆ. ದ್ವೀಪದ ಉಳಿದ ಪಾಲುದಾರರೆಲ್ಲ ಒಪ್ಪಿದರೆ ಬಾರದವರ ಆಳನ್ನು ಮತ್ತೆ ಬೆಂಕಿಯ ಪಕ್ಕ ಮಲಗಿಸಬಹುದು. ಜುಲೈ ಮೂವತ್ತೊಂದರವರೆಗೆ ಮಾತ್ರ. ನಮ್ಮ ದ್ವೀಪಕ್ಕೆ ಉಳಿದವರು ನಾನು, ನೀನು. ನನ್ನ ಪಾಲಿನ ಒಪ್ಪಿಗೆಯನ್ನು ಶುಕ್ರವಾರ ಅಂಗಡಿಯಲ್ಲಿ ಕೂತು ಒತ್ತಿದೆ. ಒತ್ತಿ, ಬಂದವರಿಗೆ ಮತ್ತೆ ಅಕ್ಷರ ಓದಿಸಿದೆ. ಇನ್ನು ನಿನ್ನದು ಬೇಕು. ಅವನು ಮಲಗದೆ ಆಯಿ ಬೊಂಬೆ ಸುಡಲು ಒಪ್ಪುವುದಿಲ್ಲ. ಹೀಗೆಯೇ ಬಿಟ್ಟರೆ ಅವಳು ಉಳಿದ ಆಯುಷ್ಯವನ್ನೆಲ್ಲ ಆ ಪರದೆಯ ಮುಂದೆ ಕಳೆಯುತ್ತಾಳೆ.

ಅಲ್ಲಿಂದಲೇ ಒತ್ತಬಹುದು. ಆದರೂ ಬಂದು ಒತ್ತು ಎಂದು ಕೇಳುತ್ತೇನೆ. ಅಳಿವೆಯಲ್ಲಿ ದೋಣಿ ಮಗುಚಿ ನೀನೊಬ್ಬನೇ ಈಜಿ ಬಂದ ಮೂರನೇ ದಿನ, ನಮ್ಮ ಅಂಗಳದಲ್ಲಿ ಅಷ್ಟು ಜನರೆದುರು ಆಯಿ ಅಂದ ಮಾತನ್ನು ನೀನು ಮರೆತಿರಲಿಕ್ಕಿಲ್ಲ. ಆದರೂ ಬಾ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಐಸಿನಲ್ಲಿ ಬರಿಗೈ ಹಾಕಬೇಡ. ದೇವರು ನಿನ್ನನ್ನು ಚೆನ್ನಾಗಿ ಇಟ್ಟಿರಲಿ.

ನಿನ್ನ ತಂಗಿಯಂಥವಳು,
ನೇತ್ರಾ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲಾಗಲಿಲ್ಲ. ದೋಣಿ ಮಗುಚಿದ ದಿನ ಬೆಳಿಗ್ಗೆ ನೀನು ಫೋನ್ ಮಾಡಿದಾಗ ಅಣ್ಣ ಜ್ವರ ಬಂದಿದೆ, ಬರುವುದಿಲ್ಲ ಎಂದಿದ್ದ. ಅರ್ಧ ಗಂಟೆಗೆ ದಡದಲ್ಲಿ ಹಾಜರಾದ. ಬರುವುದಿಲ್ಲ ಅಂದವನು ಏಕೆ ಬಂದ ಎಂದು ನೀನು ಅಂಗಳದಲ್ಲಿ ಕೇಳಿದೆ. ನೀ ಕರೆದದ್ದಕ್ಕೇ ಬಂದ, ನೀನೇ ಕೊಂದೆ ಎಂದಳು ಆಯಿ. ನಾನು ಬಾಗಿಲ ಹಿಂದೆ ನಿಂತಿದ್ದೆ.

ಅವನನ್ನು ಕಳಿಸಿದವಳು ನಾನು. ನನಗೆ ರಜೆ ಇತ್ತು. ಅವನು ಮನೆಯಲ್ಲಿದ್ದರೆ ಟಿವಿ ಅವನಿಗೆ. ಐದನೇ ಭಾಗದ ಕೊನೆಯ ಕೋಟೆಯನ್ನು ನಾನೊಬ್ಬಳೇ ಗೆಲ್ಲಬೇಕೆಂದಿದ್ದೆ. "ಜ್ವರವೂ ಇಲ್ಲ ಎಂತದೂ ಇಲ್ಲ, ಸೋಮಾರಿ ನೀನು, ಹೋಗು" ಅಂದೆ. ನಕ್ಕು ಎದ್ದು ಹೋದ. ಕೋಟೆ ಗೆದ್ದೆ.

ಇವತ್ತು ಬೆಳಿಗ್ಗೆ ಆಯಿಗೆ ಎಲ್ಲ ಹೇಳಿದೆ. ಒಲೆಗೆ ತೆಂಗಿನ ಗರಿ ಹಾಕುತ್ತಿದ್ದವಳು ತಿರುಗಿ ನೋಡಲಿಲ್ಲ. ಇನ್ನೊಂದು ಗರಿ ಮುರಿದು ಹಾಕಿ, "ಹಂಗಾರೆ ಆ ಸುದರ್ಶನಂಗೆ ಮನಿಗೆ ಬರೂಕೆ ಬರಿ" ಅಂದಳು. ಆಮೇಲೆ ನನ್ನ ಹತ್ತಿರ ಮಾತಾಡಿಲ್ಲ.

ಬರೆದಿದ್ದೇನೆ.