ಅಣ್ಣ ಮಲಗಿರುವುದು ನಿನ್ನ ಹೆಸರಿನಲ್ಲಿ

ದೊಡ್ಡಾಸ್ಪತ್ರೆ, ಮೂಳೆ ವಾರ್ಡಿನ ಹೊರಗಿನ ಬೆಂಚು
ಹದಿನೇಳನೇ ತಾರೀಕು, ಬುಧವಾರ ಬೆಳಿಗ್ಗೆ

ಪ್ರೀತಿಯ ಮರಿಗೆ ನಿನ್ನ ಅತ್ತಿಗೆಯ ಆಶೀರ್ವಾದಗಳು.

ಹೇಗಿದ್ದೀಯಪ್ಪ? ಆ ಬಂದರಿನ ಐಸ್ ಕಾರ್ಖಾನೆಯಲ್ಲಿ ದಿನವಿಡೀ ಮಂಜುಗಡ್ಡೆ ಹೊತ್ತು ಹೊತ್ತು ಎದೆ ಕಟ್ಟಿಕೊಂಡಿಲ್ಲ ತಾನೆ? ಕೈಗೆ ಗ್ಲೌಸ್ ಹಾಕಿಕೋ, ಕಾಲಿಗೆ ಬೂಟು ಹಾಕಿಕೋ. ಹಾಕಿಕೊಳ್ಳುವುದಿಲ್ಲ ಅಂತ ನನಗೆ ಗೊತ್ತು. ನಾನು ಈ ಮನೆಗೆ ಬಂದಾಗ ನೀನಿನ್ನೂ ಸ್ಲೇಟು ಹಿಡಿದು ಓಡಾಡುತ್ತಿದ್ದೆ, ಆಗಲೇ ನಿನಗೆ ಸ್ವೆಟರ್ ತೊಡಿಸುವುದೆಂದರೆ ಬೆಕ್ಕಿಗೆ ಸ್ನಾನ ಮಾಡಿಸಿದ ಹಾಗಿತ್ತು. ಊಟ ಹೊತ್ತಿಗೆ ಸರಿಯಾಗಿ ಸಿಗುತ್ತದಾ? ನಿನ್ನ ಫೋನು ಇನ್ನೂ ಸತ್ತೇ ಇದೆ. ಬದುಕಿದ್ದರೂ ಇದು ಫೋನಿನಲ್ಲಿ ಆಡುವ ಮಾತಲ್ಲ, ಇಲ್ಲಿ ಗೋಡೆಗೂ ಕಿವಿ. ಅದಕ್ಕೇ ಲಾರಿ ಮಾವನ ಕೈಯಲ್ಲಿ ಕಾಗದ ಕಳಿಸುತ್ತಿದ್ದೇನೆ. ಮಧ್ಯಾಹ್ನ ನಿಮ್ಮ ಬಂದರಿಗೇ ಮೀನಿನ ಲೋಡಿಗೆ ಹೊರಡುತ್ತಾನೆ. ಅವನು ಹೋದ ಸಲ ಬಂದಾಗ ಮನೆಯಲ್ಲಿ ಎಲ್ಲರೂ ಕ್ಷೇಮ ಅಂದಿರಬೇಕು. ಹಾಗೆ ಹೇಳು ಅಂತ ಹೇಳಿದವಳು ನಾನೇ. ಈಗ ಕೂತುಕೊಂಡು ಓದು.

ಸ್ಟೇಷನ್ ರಸ್ತೆಯ ಮೇಲ್ಸೇತುವೆಯ ಸ್ಲ್ಯಾಬು ಬಿದ್ದ ಸುದ್ದಿ ನೀನು ಕೇಳಿರುತ್ತೀಯ. ಅದರ ಕೆಳಗೆ ನಿನ್ನಣ್ಣ ಇದ್ದರು. ಜೀವ ಇದೆ, ಗಾಬರಿಯಾಗಬೇಡ. ಮಾತಾಡುತ್ತಾರೆ, ಗಂಜಿ ಕುಡಿಯುತ್ತಾರೆ, ನನ್ನ ಮೇಲೆ ಎಂದಿನ ಹಾಗೆ ರೇಗುತ್ತಾರೆ. ಆದರೆ ಸೊಂಟದಿಂದ ಕೆಳಗೆ ಚಿವುಟಿದರೂ ಗೊತ್ತಾಗುವುದಿಲ್ಲ. ಒಂದು ಆಪರೇಷನ್ ಆಗಿದೆ, ಇನ್ನೊಂದು ಬರುವ ವಾರ. ಅದಾದ ಮೇಲೆ ಎದ್ದು ಕೂರಬಹುದು ಅಂತ ಡಾಕ್ಟರು ಹೇಳುತ್ತಾರೆ. ನಡೆಯುತ್ತಾರಾ ಅಂತ ಕೇಳಿದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಏನೋ ಅನ್ನುತ್ತಾರೆ. ಮೂವರು ಸತ್ತರು. ಅದರಲ್ಲಿ ಒಬ್ಬ ನಮ್ಮ ಕಂಬಿ ಕಟ್ಟುವ ಉದ್ದಣ್ಣ. ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಬಾಗಿಲಿನ ಚೌಕಟ್ಟಿಗೆ ತಲೆ ತಾಗಿಸುತ್ತಿದ್ದನಲ್ಲ, ಅದೇ ಉದ್ದಣ್ಣ. ಅವನನ್ನು ಮಲಗಿಸಲು ತಂದ ಸ್ಟ್ರೆಚರ್ ಸಾಲದೆ ಕಾಲು ಹೊರಗಿತ್ತು ಮರೀ. ನಾನು ಆ ಕಾಲು ನೋಡಿ ಅವನೇ ಅಂತ ಗುರುತು ಹಿಡಿದೆ.

ನೀನು ಮನೆ ಬಿಡುವಾಗ ಆ ಮೇಲ್ಸೇತುವೆ ಕೆಲಸದ ನಿನ್ನ ಗೇಟ್ ಪಾಸನ್ನು ಕನ್ನಡಿಯ ಮೊಳೆಗೆ ನೇತುಹಾಕಿ, ಸುಮ್ಮನೆ ಹಾಳಾಗೋದ್ಯಾಕೆ, ಅಣ್ಣ ಹೋಗಲಿ ಅಂದಿದ್ದೆ. ಹೊರದೇಶದ ಕಂಪನಿಯವರು ನಲವತ್ತೈದು ದಾಟಿದವರಿಗೆ ಎತ್ತರದ ಕೆಲಸಕ್ಕೆ ಪಾಸು ಕೊಡುವುದಿಲ್ಲವಲ್ಲ. ಮೇಸ್ತ್ರಿಯೂ ಬಂದು, ಅಣ್ಣತಮ್ಮ ಇಬ್ಬರದೂ ಒಂದೇ ಅಚ್ಚು, ಮೀಸೆ ತೆಗೆದುಬಿಟ್ರೆ ಆಯ್ತು ಅಂದ. ಮದುವೆಯಲ್ಲೂ ಮುಟ್ಟಗೊಡದ ಮೀಸೆಯನ್ನು ನಿನ್ನಣ್ಣ ಒಂದು ಸೆಂಟ್ರಿಂಗ್ ಕೆಲಸಕ್ಕಾಗಿ ಬೋಳಿಸಿದರು. ನಾನು ದಿನವೆಲ್ಲ ನಕ್ಕೆ. ತಪ್ಪು ಅಂತ ಯಾರಿಗೂ ಅನ್ನಿಸಲೇ ಇಲ್ಲ. ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಿ ಒಂದು ಪಾಸಿಗೆ ಒಬ್ಬನೇ ಇದ್ದಾನೆ ಹೇಳು? ಅಪ್ಪನ ಪಾಸಿನಲ್ಲಿ ಮಗ, ಭಾವನ ಪಾಸಿನಲ್ಲಿ ಭಾವಮೈದುನ. ಮನೆಗೊಂದೇ ಒಳ್ಳೆಯ ಅಂಗಿ ಇದ್ದರೆ ಮದುವೆಗೆ ಹೋಗುವವನು ಹಾಕಿಕೊಳ್ಳುತ್ತಾನಲ್ಲ, ಹಾಗೆ. ಗೇಟಿನ ಯಂತ್ರ ಕಾರ್ಡನ್ನು ನೋಡಿ ಕೀಂ ಅನ್ನುತ್ತದೆ, ಕಾವಲಿನವನು ಯಂತ್ರವನ್ನು ನೋಡುತ್ತಾನೆ, ಮುಖವನ್ನು ನೋಡುವವರು ಯಾರೂ ಇಲ್ಲ. ಗೇಟಿನ ಮೇಲೆ ಮಾತ್ರ ಎರಡು ಭಾಷೆಯಲ್ಲಿ ಸುರಕ್ಷತೆಯೇ ಮೊದಲು ಅಂತ ಆಳೆತ್ತರದ ಬೋರ್ಡು. ಅದು ಬೀಳಲಿಲ್ಲ ನೋಡು, ಭದ್ರವಾಗಿದೆ.

ಧೂಳಿನಿಂದ ಎಳೆದು ತೆಗೆದಾಗ ನಿನ್ನಣ್ಣನ ಕೊರಳಲ್ಲಿ ಆ ಪಾಸಿತ್ತು. ಹಾಸಿಗೆಯ ತಲೆಯ ಬಳಿ ಬರೆದಿರುವುದು ನಿನ್ನ ಹೆಸರು, ನಿನ್ನ ವಯಸ್ಸು. ನಾನು ಓಡಿ ಬಂದಾಗ ನರ್ಸು, ನೀವು ಪೇಷಂಟಿಗೆ ಏನಾಗ್ಬೇಕು ಅಂದಳು. ಹೆಂಡತಿ ಅನ್ನುವುದರೊಳಗೆ ಮೇಸ್ತ್ರಿ ನನ್ನ ಮುಂಗೈ ಹಿಸುಕಿ, ಅತ್ತಿಗೆ ಅನ್ನಮ್ಮಾ, ಪಾಸಿಲ್ಲದವನು ಅಂತ ಗೊತ್ತಾದ್ರೆ ಕಂಪನಿಯವರು ಕೈ ತೊಳ್ಕೋತಾರೆ ಅಂದ. ಅತ್ತಿಗೆ ಅಂದೆ. ಅವತ್ತಿನಿಂದ ನಾನು ನನ್ನ ಗಂಡನಿಗೆ ಅತ್ತಿಗೆ. ಸಂಜೆಯಾದರೆ ಹೆಂಡತಿ ಅಥವಾ ತಾಯಿಗೆ ಮಾತ್ರ ಒಳಗೆ ಜಾಗ ಅಂತ ನನ್ನನ್ನು ಹೊರಗೆ ಕಳಿಸುತ್ತಾರೆ. ಹಗಲಲ್ಲಿ ಅವರ ಪಾದಕ್ಕೆ ಎಣ್ಣೆ ಹಚ್ಚಿದರೆ ಪಕ್ಕದ ಮಂಚದ ಮುದುಕಿ, ಅತ್ತಿಗೆ ಮೈದುನ ಅಂದ್ರೆ ಇಷ್ಟೊಂದಾ ಅಂತ ತನ್ನ ಸೊಸೆಯ ಕಿವಿಯಲ್ಲಿ ಊದುತ್ತಾಳೆ. ನರ್ಸು ಒಳ್ಳೆಯವಳು. ಇಂಥ ಅತ್ತಿಗೆ ಸಿಗೋಕೆ ಪುಣ್ಯ ಮಾಡಿರ್ಬೇಕು, ಆದ್ರೆ ನಿಮ್ಮಣ್ಣ ಎಂಥ ಕಟುಕ ರೀ, ಒಂದಿನಾನೂ ಬಂದು ನೋಡ್ಲಿಲ್ವಲ್ಲ ಅಂತ ನಿನ್ನಣ್ಣನ ಎದುರಿಗೇ ನಿನ್ನಣ್ಣನನ್ನು ಬೈದಳು. ಅವರು ಹೊದಿಕೆಯೊಳಗೆ ಮುಖ ಮುಚ್ಚಿಕೊಂಡು ನಕ್ಕರು. ಬಿದ್ದ ಮೇಲೆ ಅವರು ನಕ್ಕದ್ದು ಅದೊಂದೇ ಸಲ.

ನನ್ನದು ಹೇಗೋ ನಡೆಯುತ್ತದೆ. ಮಗಳದ್ದೇ ಕಷ್ಟ. ಒಳಗೆ ಅಪ್ಪ ಅನ್ನಬಾರದು, ಚಿಕ್ಕಪ್ಪ ಅನ್ನಬೇಕು ಅಂತ ಮನೆಯಲ್ಲಿ ಕೂರಿಸಿ ಹೇಳಿಕೊಟ್ಟೆ. ಮೊದಲ ದಿನ ಬಾಗಿಲಲ್ಲೇ ಅಪ್ಪಾ ಅಂದಳು, ನಾನು ಅವಳ ಬೆನ್ನಿಗೆ ಚಿವುಟಿದೆ. ಆಮೇಲೆ ತಪ್ಪಲಿಲ್ಲ. ಎಷ್ಟು ಚೆನ್ನಾಗಿ ಕಲಿತಳೆಂದರೆ ಈಗ ಮನೆಯಲ್ಲೂ, ಚಿಕ್ಕಪ್ಪನಿಗೆ ಬಟ್ಟೆ ತಗೊಂಡು ಹೋಗೋಣ್ವಾ ಅನ್ನುತ್ತಾಳೆ. ಇಲ್ಲಿ ಅಪ್ಪ ಅನ್ನಬಹುದು ಕಣೇ ಅಂದರೆ ಕೈಯಿಂದ ಬೆನ್ನು ಮುಟ್ಟಿಕೊಳ್ಳುತ್ತಾಳೆ. ನನಗೆ ಅಳು ಬರುತ್ತದೆ ಮರೀ, ಯಾವುದಕ್ಕೂ ಅಳದವಳಿಗೆ ಇದಕ್ಕೆ ಅಳು ಬರುತ್ತದೆ.

ಸ್ಲ್ಯಾಬು ಯಾಕೆ ಬಿತ್ತು ಅಂತ ಕೇಳುತ್ತೀಯ. ಯಾಕೆಂದು ಎಲ್ಲರಿಗೂ ಗೊತ್ತು. ಹಾಕಿದ ಕಾಂಕ್ರೀಟು ಇನ್ನೂ ಬಲಿತಿರಲಿಲ್ಲ. ಕೆಳಗಿನ ಆಸರೆಯ ಕಬ್ಬಿಣದ ಕಂಬಗಳು ಸೇತುವೆಯ ಮುಂದಿನ ಅಂಕಣಕ್ಕೆ ಬೇಕಾಗಿದ್ದವು, ಬೇರೆ ಕಂಬ ತರಿಸಲು ಕಂಪನಿಗೆ ಪುರುಸೊತ್ತಿರಲಿಲ್ಲ. ಇವರೆಲ್ಲ ಹಿಂದೇಟು ಹಾಕುತ್ತ ನಿಂತಿದ್ದಾಗ ಬಿಳಿ ಹೆಲ್ಮೆಟ್ಟಿನವನು ತಾನೇ ಬಂದನಂತೆ. ಗೊತ್ತಲ್ಲ, ಕಂಪನಿಯ ದೇಶದಿಂದಲೇ ಬಂದ ಆ ದೊಡ್ಡ ಯಜಮಾನ. ಭಾಷೆ ಬಾರದವನು ಕೈಗಡಿಯಾರ ತೋರಿಸಿ, ಕಂಬ ತೋರಿಸಿ, ಬಿಚ್ಚಿ ಅಂತ ಕೈ ಆಡಿಸಿದನಂತೆ. ಬಿಚ್ಚಿದರು. ಅವನು ಕಾರು ಹತ್ತಿ ಹೋದ, ಸ್ವಲ್ಪ ಹೊತ್ತಿಗೆ ಬಿತ್ತು. ಅವನನ್ನು ಅಷ್ಟು ಹತ್ತಿರದಿಂದ ಕಂಡವರು ನಾಲ್ಕು ಜನ. ಮೂವರು ಸತ್ತರು, ಉಳಿದವರು ನಿನ್ನಣ್ಣ. ಈಗ ಕಂಪನಿಯವರು ಅವನು ಅವತ್ತು ಅಲ್ಲಿಗೆ ಬಂದೇ ಇರಲಿಲ್ಲ ಅನ್ನುತ್ತಾರೆ. ಅವನು ವಿಮಾನ ಹತ್ತಿ ಮನೆ ಸೇರಿಯಾಗಿದೆ. ಕಂಪನಿಯನ್ನು ಕೇಳಿದರೆ ಕೂಲಿಯವರು ನಮ್ಮವರಲ್ಲ, ಗುತ್ತಿಗೆದಾರನವರು ಅಂತಾರೆ. ಗುತ್ತಿಗೆದಾರ ಮೇಸ್ತ್ರಿಯನ್ನು ತೋರಿಸುತ್ತಾನೆ, ಮೇಸ್ತ್ರಿ ಸತ್ತವರನ್ನು ತೋರಿಸುತ್ತಾನೆ. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಇಲ್ಲಿ ಮೇಕೆ ಸತ್ತೂ ಹೋಗಿದೆ, ಬಾಯಿ ಒರೆಸಿಕೊಳ್ಳಲೂ ಆಗುವುದಿಲ್ಲ.

ಕಂಪನಿಯಿಂದ ಒಬ್ಬ ದಿನವೂ ಹಣ್ಣು ಹಿಡಿದುಕೊಂಡು ಬರುತ್ತಾನೆ. ನಾನು ಅವನಿಗೆ ನಗುಮುಖ ಅಂತ ಹೆಸರಿಟ್ಟಿದ್ದೇನೆ. ನಮ್ಮವನೇ, ನಮ್ಮ ಭಾಷೆಯವನೇ. ವಿಚಾರಣೆಗೆ ಸರ್ಕಾರದ ಅಧಿಕಾರಿ ಸೋಮವಾರ ವಾರ್ಡಿಗೇ ಬರುತ್ತಾರಂತೆ. ಕೂಲಿಯವರು ಕುಡಿದಿದ್ರು, ಯಾರನ್ನೂ ಕೇಳದೆ ಉದ್ದದವನು ಮುಂದಾಗಿ ಕಂಬ ಬಿಚ್ಚಿದ, ಇಷ್ಟಂದ್ರೆ ಸಾಕು, ಆಪರೇಷನ್ನು ಆಮೇಲಿನದು ಎಲ್ಲ ನಮಗಿರಲಿ ಅನ್ನುತ್ತಾನೆ ನಗುಮುಖ. ಅವನಿಗೆ ಪಾಸಿನ ಗುಟ್ಟು ಗೊತ್ತೋ ಇಲ್ಲವೋ ನನಗೆ ತಿಳಿಯದು. ನಿನ್ನಣ್ಣನ ಮೀಸೆ ಚಿಗುರುತ್ತಿರುವುದನ್ನು ನೋಡುತ್ತ, ಶೇವ್ ಮಾಡಿಸಿ ಅಮ್ಮಾ, ಚೆನ್ನಾಗಿ ಕಾಣ್ತಾರೆ ಅಂದ. ಅವತ್ತಿನಿಂದ ನಾನೇ ಬೋಳಿಸುತ್ತೇನೆ.

ಉದ್ದಣ್ಣನ ಹೆಂಡತಿಯೂ ಬರುತ್ತಾಳೆ. ಮಂಚದ ಕಾಲ ಬದಿಗೆ ನೆಲದ ಮೇಲೆ ಕೂರುತ್ತಾಳೆ, ಏನೂ ಕೇಳುವುದಿಲ್ಲ. ಅವನು ಜನ್ಮದಲ್ಲಿ ಬೀಡಿ ಕೂಡ ಮುಟ್ಟಿದವನಲ್ಲ. ಒಂದು ದಿನ ಎದ್ದು ಹೋಗುವಾಗ ಮಾತ್ರ, ನನ್ನ ಮಕ್ಕಳು ಕುಡ್ಕನ ಮಕ್ಕಳು ಅಂತ ಅನ್ನಿಸಿಕೊಂಡು ಬೆಳೀಬೇಕಲ್ಲಾ ಅಕ್ಕಾ ಅಂದಳು. ನಾನು ಸೆರಗು ಸರಿಮಾಡಿಕೊಳ್ಳುತ್ತ ನಿಂತೆ. ನಿನ್ನಣ್ಣ ನಿಜ ಹೇಳಬೇಕೆಂದರೆ ಮೊದಲು ಹೆಸರು ನಿಜ ಹೇಳಬೇಕು. ಹೆಸರು ಹೇಳಿದ ಕೂಡಲೇ ಅವರು ಕಳ್ಳತನದಿಂದ ಒಳಗೆ ನುಗ್ಗಿದವರಾಗುತ್ತಾರೆ. ಕಂಪನಿ ದುಡ್ಡು ಕಟ್ಟುತ್ತಿರುವ ಹಾಸಿಗೆ ಹೋಯಿತು, ಆಪರೇಷನ್ ಹೋಯಿತು. ಅತ್ತ ದರಿ, ಇತ್ತ ಪುಲಿ. ನಾನು ಯೋಚಿಸಿ ಯೋಚಿಸಿ ಅವರಿಗೆ ಹೇಳಿದ್ದೇನೆ: ಸತ್ತವರು ಸತ್ತರು, ನೀವು ಬದುಕಿದ್ದೀರಿ, ಸೋಮವಾರ ತಲೆಯಾಡಿಸಿಬಿಡಿ. ಅವರು ಗೋಡೆಯ ಕಡೆ ಮುಖ ತಿರುಗಿಸಿಕೊಂಡರು. ನನಗೆ ನಾಚಿಕೆಯಾಗುತ್ತದೆ, ಆದರೂ ಬೇರೆ ಮಾತು ಬಾಯಿಗೆ ಬರುವುದಿಲ್ಲ. ಅವರು ಎದ್ದು ಕೂತರೆ ಸಾಕು ನನಗೆ, ಲೋಕದ ನ್ಯಾಯ ಲೋಕ ನೋಡಿಕೊಳ್ಳಲಿ.

ಆದ್ದರಿಂದ ಮರೀ, ನೀನು ಬರಬೇಡ. ಇದನ್ನು ಓದಿದ ಕೂಡಲೇ ನಿನಗೆ ಹೊರಡಬೇಕು ಅನ್ನಿಸುತ್ತದೆ, ನಿನ್ನ ಬುದ್ಧಿ ನನಗೆ ಗೊತ್ತಿಲ್ಲವೆ? ನೀನು ಎರಡು ಕಾಲಲ್ಲಿ ನಡೆದುಕೊಂಡು ಓಣಿಯಲ್ಲಿ ಕಂಡರೆ, ಇಲ್ಲಿ ಮಲಗಿರುವವನು ಯಾರು ಅಂತ ಊರೇ ಕೇಳುತ್ತದೆ. ಅಧಿಕಾರಿ ಬಂದು ಹೋಗಲಿ, ಆಪರೇಷನ್ ಮುಗಿಯಲಿ. ಅಲ್ಲಿಯವರೆಗೆ ನಮ್ಮ ಕಡೆಯವರು ಯಾರು ಕಂಡರೂ ತಲೆ ತಗ್ಗಿಸಿಕೊಂಡು ಹೋಗು. ಅಣ್ಣನ ಮೇಲೆ ಪ್ರೀತಿಯಿದ್ದರೆ ದೂರವೇ ಇರು. ಇಂಥ ಮಾತು ಬರೆಯುವ ಕಾಲ ಬರುತ್ತದೆ ಅಂದುಕೊಂಡಿರಲಿಲ್ಲ. ನೀನು ಅಲ್ಲಿಂದ ಹಾರೈಸು, ಸಾಕು. ಹೊಟ್ಟೆಗೆ ಸರಿಯಾಗಿ ತಿನ್ನು, ಒದ್ದೆ ಬಟ್ಟೆಯಲ್ಲಿ ಮಲಗಬೇಡ, ನಿನಗೆ ನನ್ನ ಆಯಸ್ಸೂ ಸೇರಿ ನೂರು ವರ್ಷವಾಗಲಿ.

ಇಂತಿ,
ಸದ್ಯಕ್ಕೆ ಅಣ್ಣತಮ್ಮ ಇಬ್ಬರಿಗೂ ಅತ್ತಿಗೆಯಾಗಿರುವ
ನಿನ್ನ ಅತ್ತಿಗೆ

ವಿ.ಸೂ.: ಕಾಗದ ಮಡಿಸುವಷ್ಟರಲ್ಲಿ ಒಳಗಿನಿಂದ ಕರೆದರು. ಸೋಮವಾರ ಬರಬೇಕಾಗಿದ್ದ ಅಧಿಕಾರಿ ಇವತ್ತೇ ಬಂದುಬಿಟ್ಟಿದ್ದರು, ಹಿಂದೆ ನಗುಮುಖ. ಮಗಳು ಮಂಚದ ತುದಿಯಲ್ಲಿ ಕೂತಿದ್ದಳು. ಅಧಿಕಾರಿ ಸುಮ್ಮನೆ ಮಾತಿಗೆ ಅಂತ, ನೀನು ಇವರಿಗೆ ಏನಾಗ್ಬೇಕಮ್ಮಾ ಅಂದರು. ಅವಳು ನನ್ನ ಕಡೆ ನೋಡಿ, ಪಾಠ ಒಪ್ಪಿಸುವ ಹಾಗೆ, ನಮ್ಮ ಚಿಕ್ಕಪ್ಪ ಅಂದಳು. ನಿನ್ನಣ್ಣ ಕಣ್ಣು ಮುಚ್ಚಿದರು. ಆಮೇಲೆ, ಅವಳು ನನ್ನ ಮಗಳು ಸ್ವಾಮಿ ಅಂದರು. ತಮ್ಮ ಹೆಸರು ಹೇಳಿದರು. ಪಾಸು ತಮ್ಮನದು ಅಂದರು. ಬಿಳಿ ಹೆಲ್ಮೆಟ್ಟಿನವನು ಎಲ್ಲಿ ನಿಂತಿದ್ದ, ಗಡಿಯಾರ ಹೇಗೆ ತೋರಿಸಿದ, ಉದ್ದಣ್ಣ ಹೇಗೆ ಬೇಡ ಬೇಡ ಅಂತ ತಲೆ ಅಲ್ಲಾಡಿಸಿದ, ಎಲ್ಲ ಹೇಳಿದರು. ನಗುಮುಖ ಫೋನು ಹಿಡಿದು ಹೊರಗೆ ಹೋದ. ಈಗ ನರ್ಸು ಬಂದು ನನ್ನ ಕೈ ಹಿಡಿದುಕೊಂಡು, ಆಪರೇಷನ್ ಇಲ್ಲವಂತೆ, ನಾಳೆ ಹಾಸಿಗೆ ಬಿಡಬೇಕಂತೆ ಅಂದಳು. ಕಂಪನಿಯವರು ಈತ ನಮ್ಮ ಸೈಟಿಗೆ ಬಂದವನೇ ಅಲ್ಲ ಅನ್ನುತ್ತಿದ್ದಾರೆ. ಅಧಿಕಾರಿ ಹೇಳುವುದು ಇಷ್ಟು: ಪಾಸಿನ ಹುಡುಗ ಸೋಮವಾರದೊಳಗೆ ನನ್ನ ಮುಂದೆ ಬಂದು, ಇದು ನನ್ನದು, ಇದನ್ನು ಹಾಕಿಕೊಂಡು ಒಳಗೆ ಹೋದವನು ನನ್ನ ಅಣ್ಣ ಅಂದರೆ ಮಾತ್ರ ಈತನ ಮಾತು ಸಾಕ್ಷಿಯಾಗಿ ನಿಲ್ಲುತ್ತದೆ. ಪಾಸು ಕೊಟ್ಟದ್ದಕ್ಕೆ ನಿನ್ನ ಮೇಲೆ ಕೇಸು ಬೀಳಬಹುದು, ಅದನ್ನೂ ಅವರೇ ಹೇಳಿದರು. ನಾನು ಮುಚ್ಚಿಡುವುದಿಲ್ಲ. ಲಾರಿ ಮಾವ ಹಾರ್ನು ಹೊಡೆಯುತ್ತಿದ್ದಾನೆ, ಮೇಲಿನದನ್ನು ಹೊಡೆದುಹಾಕಿ ಹೊಸದಾಗಿ ಬರೆಯಲು ಪುರುಸೊತ್ತಿಲ್ಲ. ಬರಬೇಡ ಅಂದದ್ದನ್ನು ಮರೆತು ಇದೇ ಲಾರಿ ಹತ್ತಿ ಬಾ. ನೀನು ಬರದಿದ್ದರೆ ನಿನ್ನಣ್ಣ ಸುಳ್ಳುಗಾರ, ಉದ್ದಣ್ಣ ಕುಡುಕ, ಆ ಬಿಳಿ ಹೆಲ್ಮೆಟ್ಟಿನವನು ಅಲ್ಲಿಗೆ ಬಂದೇ ಇರಲಿಲ್ಲ.